ಜಿಂಕೆಯ ಮೂಗಿಗೆ ಸಿಗದೆ ಕುಳಿತುಕೊಳ್ಳುವುದು ಹೇಗೆ? ಯಡಹಳ್ಳಿ, ಭೀಮಗಡಕ್ಕೆ ಹೋಗುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಖಾನಾಪುರದ ಕಾಡಿನಲ್ಲಿ ಏಪ್ರಿಲ್ ತಿಂಗಳ ಒಂದು ಸಂಜೆ. ಅನುಮತಿ ಪಡೆದು, ಅರಣ್ಯ ವೀಕ್ಷಕರೊಬ್ಬರ ಜೊತೆ ಹಳ್ಳದ ದಂಡೆಯ ದಿಬ್ಬದ ಮೇಲೆ ಕುಳಿತಿದ್ದೆ. ಕೊರಳಲ್ಲಿ ಸಾಲ ಮಾಡಿ ಕೊಂಡ ಹೊಸ ಲೆನ್ಸ್. ಎದುರಿನ ಪೊದೆಯೊಳಗೆ ತರಗೆಲೆ ಮುರಿಯುವ ಸದ್ದು ಒಂದೊಂದೇ ಹೆಜ್ಜೆ ಹತ್ತಿರವಾಯಿತು. ಕಡವೆ ನೀರಿಗೆ ಬರುತ್ತಿದೆ ಎಂದು ವೀಕ್ಷಕರು ಕಣ್ಣಿನಲ್ಲೇ ಹೇಳಿದರು. ನಾನು ಕ್ಯಾಮೆರಾ ಎತ್ತಿ ಉಸಿರು ಹಿಡಿದೆ. ಹೆಜ್ಜೆ ನಿಂತಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ 'ಢಾಂಕ್' ಎಂದು ಕಾಡೆಲ್ಲ ಮೊಳಗುವ ಕೂಗು, ನೆಲಕ್ಕೆ ಗೊರಸು ಬಡಿದ ಸದ್ದು, ಅಷ್ಟೇ. ಅದರ ಬಾಲವೂ ನನಗೆ ಕಾಣಲಿಲ್ಲ. ವೀಕ್ಷಕರು ನನ್ನ ಕಡೆ ಬಾಗಿ ಮೂಗು ಅರಳಿಸಿದರು. "ಸರ್, ಮದುವೆ ಮನೆಗೆ ಬಂದ ಹಾಗೆ ಬಂದಿದ್ದೀರಿ" ಎಂದರು.

ಬೆಳಿಗ್ಗೆ ಗಂಧದ ಸೋಪು, ಮಧ್ಯಾಹ್ನ ಡಿಯೋಡರೆಂಟ್, ಹೊರಡುವ ಮುಂಚೆ ಉಳ್ಳಾಗಡ್ಡಿ ಕಡಿದುಕೊಂಡು ಜೋಳದ ರೊಟ್ಟಿ ಊಟ. ಆ ದಿನದಿಂದ ನಾನು ಮೈವಾಸನೆಯ ಬೆನ್ನು ಹತ್ತಿದೆ. ಎರಡು ವರ್ಷ ಸೋಪು, ಸೋಡಾ, ಸೀಗೆಕಾಯಿ ಎಂದು ಒದ್ದಾಡಿದ ಮೇಲೆ ನನ್ನ ದೊಡ್ಡ ತಪ್ಪು ಸೋಪಿನಲ್ಲಿ ಇರಲಿಲ್ಲ ಎನ್ನುವುದು ತಿಳಿಯಿತು. ಅದನ್ನು ತಿಳಿಸಿದವರು ಬೀಳಗಿ ಕಡೆಯ ಒಬ್ಬ ಕುರಿ ಕಾಯುವ ಅಜ್ಜ. ಅವರ ಮಾತು ಮುಂದೆ ಬರುತ್ತದೆ.

ಬೇಟೆಗಲ್ಲ, ನೋಡುವುದಕ್ಕೆ

ಮನುಷ್ಯನ ವಾಸನೆ ಅಡಗಿಸುವ ವಿದ್ಯೆ ಹುಟ್ಟಿದ್ದು ಬೇಟೆಗಾರರ ಕೈಯಲ್ಲೇ. ಅಮೆರಿಕದಲ್ಲಿ ಪರವಾನಗಿ ಪಡೆದು, ನಿಗದಿತ ಋತುವಿನಲ್ಲಿ ಜಿಂಕೆ ಬೇಟೆಯಾಡಲು ಅವಕಾಶವಿದೆ. ಹಾಗಾಗಿ ಅಲ್ಲಿ ಇದೊಂದು ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ನಮ್ಮಲ್ಲಿ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಪ್ರಕಾರ ಜಿಂಕೆ, ಕಡವೆ, ಚಿಂಕಾರ (ಬಯಲಿನ ಸಣ್ಣ ಹುಲ್ಲೆ) ಇವುಗಳ ಬೇಟೆ ಅಪರಾಧ. ಕೃಷ್ಣಮೃಗ ಮತ್ತು ಚಿಂಕಾರ ಹೆಚ್ಚಿನ ರಕ್ಷಣೆಯ ಮೊದಲನೆಯ ಅನುಸೂಚಿಯಲ್ಲಿವೆ. ಅವನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಈ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಬಲೆ ಹಾಕುವುದು, ಅಟ್ಟಿ ಓಡಿಸುವುದು, ತಿನಿಸು ಒಡ್ಡಿ ಆಸೆ ತೋರಿಸುವುದು ಎಲ್ಲವೂ ಬೇಟೆಯೇ. ಆದ್ದರಿಂದ ಫೋಟೊಗಾಗಿ ಉಪ್ಪಿನ ಗಡ್ಡೆ ಇಡುವ, ಕಾಳು ಚೆಲ್ಲುವ ಯೋಚನೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಅಭಯಾರಣ್ಯದೊಳಗೆ ಹೋಗಲು ಅನುಮತಿ ಬೇಕು. ಛಾಯಾಗ್ರಹಣ, ಅಧ್ಯಯನ, ಪ್ರವಾಸಕ್ಕಾಗಿ ಅನುಮತಿ ಕೊಡುವ ಅವಕಾಶ ಕಾಯ್ದೆಯಲ್ಲೇ ಇದೆ. ವಲಯ ಅರಣ್ಯ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ, ಒಬ್ಬ ವೀಕ್ಷಕರನ್ನು ಜೊತೆಗೆ ಕೇಳಿಕೊಳ್ಳಿ. ಅವರಿಲ್ಲದೆ ಹೋಗಬೇಡಿ. ಅದಕ್ಕೆ ಕಾನೂನಿನ ಆಚೆಗೂ ಒಂದು ಕಾರಣವಿದೆ, ಕರಡಿಯ ವಿಷಯ ಬಂದಾಗ ಹೇಳುತ್ತೇನೆ.

ಈ ಬರಹ ಎರಡು ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಒಂದು, ಬಾಗಲಕೋಟೆ ಜಿಲ್ಲೆಯ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಸುಮಾರು 96 ಚದರ ಕಿಲೋಮೀಟರ್ ಹರಡಿರುವ ಯಡಹಳ್ಳಿ ಚಿಂಕಾರ ಅಭಯಾರಣ್ಯ. ಕುರುಚಲು ಗಿಡ, ಕಲ್ಲುಗುಡ್ಡ, ಬಯಲು. ಇನ್ನೊಂದು, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡ. 2011ರಲ್ಲಿ ಅಭಯಾರಣ್ಯವಾದ, ಸುಮಾರು 190 ಚದರ ಕಿಲೋಮೀಟರಿನ ದಟ್ಟ ಘಟ್ಟದ ಕಾಡು. ಅಲ್ಲಿ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಎಲ್ಲವೂ ಇವೆ. ನಮ್ಮ ಕಡೆ ಇವೆಲ್ಲವನ್ನೂ ಚಿಗರಿ ಎಂದು ಒಂದೇ ಹೆಸರಿನಲ್ಲಿ ಕರೆದುಬಿಡುವುದುಂಟು. ಶಾಸ್ತ್ರದ ಪ್ರಕಾರ ಚಿಂಕಾರ ಜಿಂಕೆಯ ಕುಲದ್ದಲ್ಲ. ಜಿಂಕೆಯ ಕೊಂಬು ಕವಲೊಡೆದು, ಉದುರಿ, ಮತ್ತೆ ಬೆಳೆಯುತ್ತದೆ. ಚಿಂಕಾರದ ಕೊಂಬು ಕವಲಿಲ್ಲದೆ ಜೀವನಪೂರ್ತಿ ಉಳಿಯುತ್ತದೆ. ಮೂಗಿನ ಚುರುಕಿನಲ್ಲಿ ಮಾತ್ರ ಎರಡನ್ನೂ ಒಂದೇ ಗೌರವದಿಂದ ಕಾಣಬೇಕು.

ಅದರ ಮೂಗು, ನಮ್ಮ ಮೈ

ನಮ್ಮ ಬೆವರಿಗೆ ಹುಟ್ಟುವಾಗ ಹೆಚ್ಚಿನ ವಾಸನೆ ಇರುವುದಿಲ್ಲ. ಚರ್ಮದ ಮೇಲೆ ವಾಸಿಸುವ ಬ್ಯಾಕ್ಟೀರಿಯಾಗಳು ಅದನ್ನು, ಅದರಲ್ಲೂ ಕಂಕುಳು ಮತ್ತು ತೊಡೆಸಂದಿನ ಗ್ರಂಥಿಗಳ ಗಟ್ಟಿ ಬೆವರನ್ನು, ಒಡೆದಾಗ ಕೊಬ್ಬಿನಾಮ್ಲಗಳು ಹೊರಬಂದು ವಾಸನೆಯಾಗುತ್ತವೆ. ಇದರ ಜೊತೆಗೆ ನಮ್ಮ ಮೈಯಿಂದ ಕಣ್ಣಿಗೆ ಕಾಣದ ಚರ್ಮದ ಪುಡಿ ಸದಾ ಉದುರುತ್ತಿರುತ್ತದೆ. ಒಂದೊಂದು ಚೂರೂ ತನ್ನ ಬ್ಯಾಕ್ಟೀರಿಯಾಗಳನ್ನು ಹೊತ್ತು ಗಾಳಿಗೆ ಸೇರುತ್ತದೆ. ಉಸಿರು ಬೇರೆ. ಅಂದರೆ ಸ್ನಾನ ಮಾಡಿ ಒರೆಸಿಕೊಳ್ಳುವಷ್ಟರಲ್ಲೇ ನಾವು ಮತ್ತೆ ವಾಸನೆ ಬಿಡಲು ಶುರು ಮಾಡಿರುತ್ತೇವೆ.

ಜಿಂಕೆಯ ಮೂಗಿನ ತುದಿ ಸದಾ ಒದ್ದೆ. ಗಾಳಿಯಲ್ಲಿ ತೇಲಿ ಬಂದ ಕಣ ಅಲ್ಲಿ ಅಂಟಿಕೊಳ್ಳುತ್ತದೆ. ಒಳಗೆ ಉದ್ದನೆಯ ಮೂತಿಯ ತುಂಬ ಸುರುಳಿ ಸುರುಳಿಯಾದ ತೆಳು ಮೂಳೆಗಳು, ಅವುಗಳ ಮೇಲೆ ವಾಸನೆ ಗ್ರಹಿಸುವ ಪೊರೆ. ಇಂಥ ಮೂಗಿನ ಮುಂದೆ 'ವಾಸನೆಯನ್ನೇ ಇಲ್ಲವಾಗಿಸುತ್ತೇನೆ' ಎನ್ನುವುದು ಹುಚ್ಚು. ಕಡಿಮೆ ಮಾಡಬಹುದು. ವಾಸನೆ ಕಡಿಮೆಯಾದರೆ ಪ್ರಾಣಿ ನಮ್ಮನ್ನು ದೂರದವರೆಂದೋ, ಬಂದು ಹೋದವರೆಂದೋ ತಿಳಿಯಬಹುದು. ಉಳಿದ ಕೆಲಸ ಗಾಳಿಯದು.

ಮೊದಲು ಗಾಳಿ, ಆಮೇಲೆ ಸೋಪು

ಆ ಅಜ್ಜನ ಮಾತಿಗೆ ಬರುತ್ತೇನೆ. ಯಡಹಳ್ಳಿಯ ಅಂಚಿನ ಒಂದು ಹೊಲದ ಬದುವಿನ ಮೇಲೆ, ಸೀಗೆಕಾಯಿಯಲ್ಲಿ ಮಿಂದು, ಸೋಡಾದಲ್ಲಿ ಒಗೆದ ಬಟ್ಟೆ ತೊಟ್ಟು, ಮೂರು ತಾಸು ಕುಳಿತಿದ್ದೆ. ಒಂದು ಚಿಂಕಾರವೂ ಮುನ್ನೂರು ಹೆಜ್ಜೆಯೊಳಗೆ ಬರಲಿಲ್ಲ. ಅದೇ ಹೊತ್ತಿನಲ್ಲಿ ಅಜ್ಜ ಕಂಬಳಿ ಹೊದ್ದು, ಬೀಡಿ ಸೇದುತ್ತ, ಕುರಿಗಳ ಜೊತೆ ಆ ಕಡೆಯಿಂದ ಬಂದರು. ಅವರ ಎದುರಿಗೇ, ಸ್ವಲ್ಪ ದೂರದಲ್ಲಿ, ಎರಡು ಚಿಂಕಾರ ತಮ್ಮ ಪಾಡಿಗೆ ಮೇಯುತ್ತಿದ್ದವು. "ಅಜ್ಜಾ, ನಿಮಗೆ ಹೆದರುವುದಿಲ್ಲವೇ?" ಎಂದೆ. ಅವರು ನನ್ನನ್ನು ನೋಡಲಿಲ್ಲ, ನನ್ನ ಹಿಂದಿನ ಜೋಳದ ಗರಿ ಯಾವ ಕಡೆ ಬಾಗಿದೆ ಎಂದು ನೋಡಿದರು. "ಸಾಹೇಬರೇ, ಗಾಳಿಗೆ ಬೆನ್ನು ಕೊಟ್ಟು ಕುಳಿತಿದ್ದೀರಿ. ನೀವು ಬಂದಿರುವ ಸುದ್ದಿ ನಿಮಗಿಂತ ಮೊದಲೇ ಅವಕ್ಕೆ ಮುಟ್ಟಿದೆ. ಕಣದಲ್ಲಿ ರಾಶಿ ತೂರುವುದನ್ನು ನೋಡಿಲ್ಲವೇ?"

ನೋಡಿದ್ದೆ, ಹೀಗೆ ಯೋಚಿಸಿರಲಿಲ್ಲ. ಮೊರ ಎತ್ತಿ ಜೋಳ ತೂರುವವರ ಪಕ್ಕ ನಿಂತು ನೋಡಿ. ಕಾಳು ಭಾರ, ಕಾಲ ಬುಡದಲ್ಲೇ ಬೀಳುತ್ತದೆ. ಹೊಟ್ಟು ಹಗುರ, ಗಾಳಿಯ ದಿಕ್ಕಿಗೆ ಹಾರುತ್ತದೆ. ಮೊರದ ಹತ್ತಿರ ಕಿರಿದಾಗಿ ಹೊರಟು, ದೂರ ಹೋದಂತೆ ಬೀಸಣಿಗೆಯ ಹಾಗೆ ಅಗಲವಾಗಿ ಹರಡುತ್ತದೆ. ನಿಮ್ಮ ವಾಸನೆ ಆ ಹೊಟ್ಟು. ನೀವು ಮೊರ. ಹೊಟ್ಟು ಬೀಳುವ ಜಾಗದಲ್ಲಿ ಜಿಂಕೆ ಇರಬಾರದು, ಅಷ್ಟೇ ಲೆಕ್ಕ. ತಾಸಿಗೆ 6 ಕಿಲೋಮೀಟರ್ ವೇಗದ ಮೆಲುಗಾಳಿ ಎಂದರೂ ನಿಮಿಷಕ್ಕೆ 100 ಮೀಟರ್. ನೀವು ಕುಳಿತು ಚೀಲ ಬಿಚ್ಚುವಷ್ಟರಲ್ಲಿ ಸುದ್ದಿ ಮುನ್ನೂರು ಮೀಟರ್ ದಾಟಿರುತ್ತದೆ.

ಆದ್ದರಿಂದ ನಿಯಮ: ಗಾಳಿ ನಿಮ್ಮ ಮುಖಕ್ಕೆ ಬಡಿಯಬೇಕು, ಅಥವಾ ಒಂದು ಕೆನ್ನೆಗೆ ಬಡಿಯಬೇಕು. ಬೆನ್ನಿಗೆ ಬಡಿದರೆ ಎದ್ದು ಜಾಗ ಬದಲಿಸಿ. ಕೆನ್ನೆಗೆ ಬಡಿಯುವ ಗಾಳಿಯೇ ನನಗೆ ಹೆಚ್ಚು ಇಷ್ಟ. ಏಕೆಂದರೆ ಪ್ರಾಣಿಗಳೂ ದಡ್ಡರಲ್ಲ, ಗಾಳಿಗೆ ಮೂಗು ಕೊಟ್ಟುಕೊಂಡೇ ನಡೆಯುವುದು ಅವುಗಳ ಅಭ್ಯಾಸ. ನಿಮ್ಮ ಎದುರಿನಿಂದಲೇ ಗಾಳಿ ಬೀಸುತ್ತಿದ್ದರೆ ಅವು ನಿಮ್ಮ ಹಿಂದಿನಿಂದ ಬರುವ ಸಾಧ್ಯತೆ ಇರುತ್ತದೆ. ಅವು ಓಡಾಡುವ ಜಾಡು ನಿಮ್ಮ ಮುಂದೆ ಅಡ್ಡಲಾಗಿ ಹಾದುಹೋಗುವಂತೆ, ಗಾಳಿ ಜಾಡಿನ ಕಡೆಯಿಂದ ಓರೆಯಾಗಿ ನಿಮ್ಮತ್ತ ಬರುವಂತೆ ಕುಳಿತರೆ ಎರಡೂ ಕಡೆಯ ಆಸೆ ಈಡೇರುತ್ತದೆ.

ಗಾಳಿ ನೋಡಲು ಎಕ್ಕದ ಹತ್ತಿ

ಒದ್ದೆ ಬೆರಳು ಎತ್ತಿ ಹಿಡಿಯುವುದು ಜೋರು ಗಾಳಿಗೆ ಸಾಕು. ಮೆಲುಗಾಳಿಗೆ ಅದು ಸಾಲದು. ನಾನು ಬಳಸುವುದು ಎಕ್ಕದ ಕಾಯಿಯೊಳಗಿನ ರೇಷ್ಮೆಯಂಥ ಹತ್ತಿ. ಬೇಸಿಗೆಯಲ್ಲಿ ಒಡೆದ ಕಾಯಿಗಳನ್ನು ರಸ್ತೆ ಬದಿಯಲ್ಲೇ ಆರಿಸಿ ಬೆಂಕಿಪೆಟ್ಟಿಗೆಯಲ್ಲಿ ತುಂಬಿಟ್ಟುಕೊಳ್ಳಿ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಹಸಿ ಕಾಯಿ ಮುಟ್ಟಬೇಡಿ. ಒಂದು ಎಳೆ ಬಿಟ್ಟರೆ ಅದು ಹತ್ತಿಪ್ಪತ್ತು ಮೀಟರ್ ತೇಲುವುದನ್ನು ಕಣ್ಣಾರೆ ಕಾಣಬಹುದು. ಪುಡಿ ಉದುರಿಸಿ ನೋಡುವ ವಿಧಾನದಲ್ಲಿ ನಿಮ್ಮ ಕೈಯಳತೆಯ ಗಾಳಿ ಮಾತ್ರ ತಿಳಿಯುತ್ತದೆ. ಹತ್ತಿಯ ಎಳೆಯಾದರೆ ಮುಂದೆ ಬಂಡೆಯ ಬಳಿ ಗಾಳಿ ಹೇಗೆ ತಿರುಗುತ್ತದೆ ಎನ್ನುವುದನ್ನೂ ತೋರಿಸುತ್ತದೆ. ಒಮ್ಮೆ ನನ್ನ ಎಳೆ ಎದುರಿಗೆ ಹೊರಟು, ಬಂಡೆಯ ಪಕ್ಕ ಸುತ್ತು ಹೊಡೆದು, ನನ್ನ ಬೆನ್ನ ಹಿಂದಿನಿಂದ ವಾಪಸ್ ಬಂತು. ಆ ಜಾಗ ಬಿಟ್ಟೆ.

ಅದಕ್ಕೂ ಮೊದಲು ವಿಭೂತಿ ಪುಡಿ ಬಳಸುತ್ತಿದ್ದೆ. ನಯವಾದ ಪುಡಿ, ವಾಸನೆಯೂ ಇಲ್ಲ. ದೇವರ ಮನೆಯ ವಸ್ತುವನ್ನು ಕಾಡಿನಲ್ಲಿ ತೂರುತ್ತೀಯಾ ಎಂದು ಅವ್ವ ಗದರಿದ ಮೇಲೆ ಬಿಟ್ಟೆ. ಊದಿನಕಡ್ಡಿ ಮನೆಯ ಮಾಳಿಗೆಯ ಮೇಲೆ ಅಭ್ಯಾಸಕ್ಕೆ ಒಳ್ಳೆಯದು, ಕಾಡಿಗೆ ಬೇಡ.

ಹೊತ್ತಿಗೊಂದು ಗಾಳಿ

ಋತುವಿನ ಗಾಳಿ ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಪಡುವಣದಿಂದ, ನೈರುತ್ಯದಿಂದ ಜೋರಾಗಿ ಬೀಸುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹೆಚ್ಚಾಗಿ ಮೂಡಣ, ಈಶಾನ್ಯದ ಒಣಗಾಳಿ. ಮಾರ್ಚ್ ನಂತರ ನೆಚ್ಚುವಂತಿಲ್ಲ. ಮಧ್ಯಾಹ್ನ ಸುಂಟರಗಾಳಿ, ಸಂಜೆ ಗುಡುಗಿನ ಮಳೆಯ ಮುಂದೆ ನುಗ್ಗುವ ತಂಪುಗಾಳಿ ದಿಕ್ಕನ್ನೆಲ್ಲ ಬುಡಮೇಲು ಮಾಡುತ್ತದೆ. ಚಳಿಗಾಲದ ಬೆಳಿಗ್ಗೆ ಯಡಹಳ್ಳಿಗೆ ಹೋಗುವವರು ಪಡುವಣದ ಕಡೆಯಿಂದ ಒಳಗೆ ಬರುವ ದಾರಿಯನ್ನೇ ಹುಡುಕಿ. ಆಗ ಮೂಡಣ ಗಾಳಿ ಮುಖಕ್ಕಿರುತ್ತದೆ. ಹುಟ್ಟುವ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ ಎನ್ನುವುದು ಛಾಯಾಗ್ರಾಹಕರ ಗೋಳು. ಹೌದು, ಹೊಡೆಯುತ್ತಾನೆ. ಹಿಂಬೆಳಕಿನ ಚಿತ್ರ ಚೆನ್ನಾಗಿ ತೆಗೆಯುವುದನ್ನು ಕಲಿಯಿರಿ.

ಕಷ್ಟವಿರುವುದು ದಿನದೊಳಗಿನ ಗಾಳಿಯಲ್ಲಿ. ಭೀಮಗಡದಂಥ ಇಳಿಜಾರಿನ ಕಾಡಿನಲ್ಲಂತೂ ಇದೇ ಮುಖ್ಯ. ಸೂರ್ಯ ಮುಳುಗಿದ ಮೇಲೆ ನೆಲ ತಣ್ಣಗಾಗಿ, ತಂಪಾದ ಭಾರದ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಹಳ್ಳದ ಜಾಡು ಹಿಡಿಯುತ್ತದೆ. ರಾತ್ರಿಯಿಡೀ ಹಾಗೆಯೇ. ಬೆಳಿಗ್ಗೆ ಬಿಸಿಲು ದಿಬ್ಬಕ್ಕೆ ತಾಗಿ ನೆಲ ಬಿಸಿಯಾದ ಮೇಲೆ ಗಾಳಿ ಹಗುರಾಗಿ ಮೇಲಕ್ಕೆ ಏರುತ್ತದೆ. ಇವೆರಡರ ನಡುವೆ, ಬಿಸಿಲು ಬಿದ್ದ ಮೊದಲ ಅರ್ಧ ತಾಸು ಮತ್ತು ಸಂಜೆ ನೆರಳು ಆವರಿಸುವ ಹೊತ್ತು, ಗಾಳಿ ನಿಂತೇಬಿಡುತ್ತದೆ ಅಥವಾ ಎತ್ತೆತ್ತಲೋ ಅಲೆದಾಡುತ್ತದೆ. ವಾಸನೆ ನಿಮ್ಮ ಸುತ್ತಲೇ ಕೆರೆಯ ನೀರಿನ ಹಾಗೆ ನಿಲ್ಲುತ್ತದೆ.

ಹಾಗಾದರೆ ಸಂಜೆ ಹಳ್ಳದ ನೀರಿನ ಬಳಿ ಕಡವೆಗಾಗಿ ಕಾಯುವವರು ಎಲ್ಲಿ ಕುಳಿತುಕೊಳ್ಳಬೇಕು? ನೀರಿರುವ ಜಾಗಕ್ಕಿಂತ ಕೆಳಗೆ, ಹಳ್ಳ ಹರಿದುಹೋಗುವ ದಿಕ್ಕಿಗೆ. ಮೊದಲ ಸಲ ನಾನು ಕುಳಿತದ್ದು ಮೇಲೆ, ದಿಬ್ಬದ ಮೇಲೆ. ನೋಟ ಚೆನ್ನಾಗಿತ್ತು. ನನ್ನ ಗಂಧದ ಸೋಪು ಹಳ್ಳದ ಉದ್ದಕ್ಕೂ ಇಳಿದು ಕಡವೆಯ ಮೂಗಿನವರೆಗೆ ಹೋಗಿತ್ತು. ಬೆಳಿಗ್ಗೆ ಏಳೆಂಟರ ಮೇಲೆ ಇದರ ತದ್ವಿರುದ್ಧ, ಆಗ ಪ್ರಾಣಿಗಳಿಗಿಂತ ಎತ್ತರದಲ್ಲಿರಬೇಕು. ನಡುವಿನ ಗೊಂದಲದ ಹೊತ್ತಿನಲ್ಲಿ ಅಲುಗಾಡದೆ ಇದ್ದಲ್ಲೇ ಇರಬೇಕು.

ಹವೆಯ ತೇವವನ್ನೂ ಲೆಕ್ಕಕ್ಕೆ ಹಿಡಿಯಿರಿ. ತಂಪಾದ, ತೇವದ ಹವೆಯಲ್ಲಿ ವಾಸನೆ ನೆಲದ ಹತ್ತಿರವೇ ಬಹಳ ಹೊತ್ತು ನಿಲ್ಲುತ್ತದೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಬೇಗ ಮೇಲೇರಿ ಚದುರುತ್ತದೆ. ಜೋರು ಮಳೆ ನಿಂತ ಸ್ವಲ್ಪ ಹೊತ್ತು ಹಳೆಯ ವಾಸನೆಯೆಲ್ಲ ತೊಳೆದುಹೋಗಿ ಹೊಸ ಪಾಟಿ ಸಿಕ್ಕಿದಂತೆ.

ಬಯಲಿನಲ್ಲಿ ಕಣ್ಣು, ಕಾಡಿನಲ್ಲಿ ಮೂಗು

ಎರಡೂ ಕಡೆ ಒಂದೇ ಸಿದ್ಧತೆ ಬೇಕಿಲ್ಲ. ಯಡಹಳ್ಳಿಯಂಥ ಬಯಲಿನಲ್ಲಿ ಚಿಂಕಾರ ನಿಮ್ಮನ್ನು ಮೊದಲು ಕಣ್ಣಿನಿಂದ ಹಿಡಿಯುತ್ತದೆ. ಈ ನೆಲದ ಗುಣವೇ ಹಾಗೆ. ಇದೇ ಸೀಮೆಯ ಹೆಸರಾಂತ ಮುಧೋಳ ನಾಯಿ ವಾಸನೆ ಹಿಡಿದು ಹೋಗುವ ತಳಿಯಲ್ಲ, ಕಣ್ಣಿಗೆ ಬಿದ್ದದ್ದನ್ನು ಓಡಿ ಹಿಡಿಯುವ ತಳಿ. ಅಡ್ಡವಿಲ್ಲದ ಬಯಲಿನಲ್ಲಿ ಬೆಳೆದ ನಾಯಿ ಹೀಗಲ್ಲದೆ ಇನ್ನು ಹೇಗೆ ಇದ್ದೀತು? ಆದ್ದರಿಂದ ಅಲ್ಲಿ ಶೇಕಡಾ ಅರವತ್ತು ಗಮನ ಮರೆಯಲ್ಲಿ ಕೂರುವುದಕ್ಕೆ, ಉಳಿದದ್ದು ಗಾಳಿಗೆ. ಅಂದಹಾಗೆ ಚಿಂಕಾರಕ್ಕಾಗಿ ನೀರಿನ ಹೊಂಡದ ಬಳಿ ದಿನವಿಡೀ ಕಾಯುವುದು ಅಷ್ಟು ಫಲ ಕೊಡುವುದಿಲ್ಲ. ಎಲೆ ಮತ್ತು ಇಬ್ಬನಿಯ ತೇವದಲ್ಲೇ ಬಹಳ ದಿನ ನಡೆಸುವ ಜೀವ ಅದು. ಮೇವಿನ ಜಾಗ ಹುಡುಕಿ.

ಖಾನಾಪುರದ ಕಾಡಿನಲ್ಲಿ ಇಪ್ಪತ್ತು ಮೀಟರಿನಾಚೆ ಕಣ್ಣು ಹೋಗುವುದಿಲ್ಲ, ನಿಮ್ಮದೂ ಅಷ್ಟೇ, ಕಡವೆಯದೂ ಅಷ್ಟೇ. ಅಲ್ಲಿ ಮೂಗೇ ಕಾವಲುಗಾರ. ಮುಂದೆ ಹೇಳುವ ಸ್ನಾನ, ಬಟ್ಟೆಗಳ ಕಟ್ಟುನಿಟ್ಟು ಹೆಚ್ಚಾಗಿ ಭೀಮಗಡಕ್ಕೆ.

ಮನೆಯಲ್ಲಿ ಮಾಡಬೇಕಾದದ್ದು

*ಎರಡು ದಿನ ಮೊದಲು: ಬಟ್ಟೆ.* ಮಾರುಕಟ್ಟೆಯ ಬಟ್ಟೆಪುಡಿಯಲ್ಲಿ ಎರಡು ತೊಂದರೆಗಳಿವೆ. ಒಂದು ಅದರ ಸುಗಂಧ. ಇನ್ನೊಂದು ಬಟ್ಟೆ ಬೆಳ್ಳಗೆ ಹೊಳೆಯಲೆಂದು ಸೇರಿಸುವ ರಾಸಾಯನಿಕ, ಅದು ನೀಲಿ ಬೆಳಕು ಹೊಮ್ಮಿಸುತ್ತದೆ. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಅಷ್ಟಾಗಿ ತಿಳಿಯದಿದ್ದರೂ ನೀಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಕಾಡಿನ ಬಟ್ಟೆಗೆ ಅಂಟುವಾಳ ಸಾಕು. ಹತ್ತು ಹನ್ನೆರಡು ಕಾಯಿ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ಎರಡು ಜೊತೆ ಬಟ್ಟೆಗೆ ನೊರೆ ಸಿಗುತ್ತದೆ. ಕೊನೆಯ ಜಾಲಾಡುವ ನೀರಿಗೆ ಒಂದು ಹಿಡಿ ಅಡುಗೆ ಸೋಡಾ ಹಾಕಿ, ಹುಳಿ ವಾಸನೆಯ ಆಮ್ಲಗಳನ್ನು ಅದು ಮುರಿಯುತ್ತದೆ. ಒಣಗಿಸುವುದು ಮಾಳಿಗೆಯ ಮೇಲೆ, ಖಡಕ್ ಬಿಸಿಲಿನಲ್ಲಿ. ಅಡುಗೆಮನೆಯ ಕಿಟಕಿಯ ಮುಂದಿನ ತಂತಿಗೆ ಹಾಕಿದರೆ ಬೆಳ್ಳುಳ್ಳಿ ಒಗ್ಗರಣೆಯೆಲ್ಲ ಅಂಗಿಗೇ ಬರುತ್ತದೆ. ಇದು ಅನುಭವದ ಮಾತು.

ಒಣಗಿದ ಬಟ್ಟೆಯನ್ನು ಕಪಾಟಿನಲ್ಲಿ ಇಡಬೇಡಿ, ಅಲ್ಲಿ ಡಾಂಬರು ಗುಳಿಗೆ ಇರುತ್ತದೆ. ಶುಭ್ರವಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೇಕಾದರೆ ಹೊಲದ ಒಣ ಕಣಿಕೆಯ ನಾಲ್ಕು ತುಂಡು ಜೊತೆಗೆ ಹಾಕಿ.

*ಹಿಂದಿನ ದಿನದಿಂದ: ಊಟ.* ಬೆಳ್ಳುಳ್ಳಿಯ ಗಂಧಕದ ವಸ್ತುವೊಂದು ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಒಂದು ದಿನದವರೆಗೂ ಉಸಿರಿನಲ್ಲಿ ಹೊರಬರುತ್ತಲೇ ಇರುತ್ತದೆ. ಹಲ್ಲುಜ್ಜಿದರೆ ಹೋಗುವ ವಾಸನೆಯಲ್ಲ. ಬೆಳ್ಳುಳ್ಳಿ ಇಲ್ಲದ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ ಇಲ್ಲದ ರೊಟ್ಟಿ ಊಟ ಎನ್ನುವುದು ನಮ್ಮ ಕಡೆಯವರಿಗೆ ಶಿಕ್ಷೆಯೇ. ಒಂದು ದಿನ ಸಹಿಸಿಕೊಳ್ಳಿ. ತಿಂದೇಬಿಟ್ಟಿದ್ದರೆ ಊಟದ ಜೊತೆಗೇ ಗಟ್ಟಿ ಮೊಸರು ಅಥವಾ ಹಾಲು ಕುಡಿಯಿರಿ, ಸ್ವಲ್ಪ ತಗ್ಗುತ್ತದೆ. ಮೊಸರನ್ನ ಕಟ್ಟಿಕೊಂಡು ಹೋಗಿ. ಎಲೆ ಅಡಿಕೆ, ತಂಬಾಕು, ಗುಟ್ಕಾ ಜೇಬಿನಲ್ಲಿ ಸಹ ಇರಬಾರದು.

*ಹೊರಡುವ ದಿನ: ಸ್ನಾನ.* ಕಡಲೆಹಿಟ್ಟು ಮೈಗೆ, ಸೀಗೆಕಾಯಿ ತಲೆಗೆ. ಸ್ನಾನದ ಮೇಲೆ ಕ್ಷೌರಿಕರು ಗಲ್ಲಕ್ಕೆ ತಿಕ್ಕುವ ಪಟಕದ ಕಲ್ಲನ್ನು ಒದ್ದೆ ಮಾಡಿ ಕಂಕುಳಿಗೆ ಸವರಿಕೊಳ್ಳಿ. ಅದು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತದೆ, ತನಗೇನೂ ವಾಸನೆಯಿಲ್ಲ. ಹತ್ತಿಪ್ಪತ್ತು ರೂಪಾಯಿಯ ಈ ಕಲ್ಲು ಎಲ್ಲ ಡಿಯೋಡರೆಂಟಿಗಿಂತ ಮೇಲು. ಕೊಬ್ಬರಿ ಎಣ್ಣೆ, ಪೌಡರು, ಅತ್ತರು, ಮುಡಿಗೆ ಮಲ್ಲಿಗೆ ಬೇಡ. ತಲೆಗೂದಲು ವಾಸನೆ ಹೀರುವಷ್ಟು ಬೇರೇನೂ ಹೀರುವುದಿಲ್ಲ, ತೊಳೆದ ಟವೆಲ್ ಸುತ್ತಿಕೊಳ್ಳಿ.

ವಿದೇಶದಿಂದ ತರಿಸುವ ಇದ್ದಿಲು ಪದರದ ಬಟ್ಟೆ, ವಾಸನೆ ಕಳೆಯುವ ಓಝೋನ್ ಯಂತ್ರಗಳ ಬಗ್ಗೆ ಕೇಳುವವರಿದ್ದಾರೆ. ಇದ್ದಿಲು ವಾಸನೆ ಹೀರುತ್ತದೆ, ನಿಜ. ತುಂಬಿದ ಮೇಲೆ ಅದನ್ನು ಮತ್ತೆ ಖಾಲಿ ಮಾಡಲು ನೂರಾರು ಡಿಗ್ರಿ ಶಾಖ ಬೇಕು, ಇಸ್ತ್ರಿ ಪೆಟ್ಟಿಗೆಯಿಂದ ಆಗುವ ಕೆಲಸವಲ್ಲ. ಓಝೋನ್ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆ ಹಣದಲ್ಲಿ ಖಾನಾಪುರಕ್ಕೆ ಇನ್ನೂ ನಾಲ್ಕು ಸಲ ಹೋಗಿ ಬರಬಹುದು. ಇನ್ನು ಪ್ರಾಣಿಯ ಮೂತ್ರ, ಲದ್ದಿ ಮೈಗೆ ಸವರಿಕೊಳ್ಳುವ ಉಪಾಯ. ಅಮೆರಿಕದಲ್ಲಿ ಜಿಂಕೆಯ ಮೂತ್ರವನ್ನು ಸೀಸೆಯಲ್ಲಿ ಮಾರುತ್ತಾರೆ. ಅಲ್ಲಿನ ಹಲವು ರಾಜ್ಯಗಳೇ ಜಿಂಕೆಗಳ ಮಾರಕ ಮೆದುಳಿನ ರೋಗ ಹರಡೀತೆಂದು ಅದನ್ನು ನಿಷೇಧಿಸಿವೆ. ನಮಗೇಕೆ ಆ ಗೊಡವೆ.

ದಾರಿಯಲ್ಲಿ

ಪೆಟ್ರೋಲನ್ನು ಹಿಂದಿನ ದಿನವೇ ತುಂಬಿಸಿ. ಬಂಕಿನಲ್ಲಿ ಕೈಗೆ ತಾಗಿದ ಒಂದು ಹನಿ ದಿನವಿಡೀ ಇರುತ್ತದೆ. ಬಾಗಲಕೋಟೆಯ ನವನಗರದಿಂದ ಹೊರಡುವಾಗ ಹಳೆಯ ಬಟ್ಟೆಯಲ್ಲೇ ಹೊರಡಿ, ಕಾಡಿನ ಬಟ್ಟೆ ಚೀಲದಲ್ಲಿ ಇರಲಿ. ಚಹಾದಂಗಡಿಯ ಹೊಗೆ, ಮಿರ್ಚಿ ಭಜಿಯ ಎಣ್ಣೆ ಹಳೆಯ ಬಟ್ಟೆಗೇ ಹತ್ತಲಿ. ಬಟ್ಟೆ ಬದಲಿಸುವುದು ನಡಿಗೆ ಶುರುವಾಗುವ ಜಾಗದಲ್ಲಿ.

ಚರ್ಮದ ಚಪ್ಪಲಿ, ಬೂಟು ಬೇಡ. ಚರ್ಮ ಬೆವರು ಹೀರಿ ಹೆಜ್ಜೆ ಹೆಜ್ಜೆಗೂ ಬಿಟ್ಟುಕೊಡುತ್ತದೆ. ಹೊಲಕ್ಕೆ ನೀರು ಬಿಡುವವರು ಹಾಕುವ ರಬ್ಬರ್ ಗಂಬೂಟು ಒಳ್ಳೆಯದು, ಹೊರಗೆ ಸೋಡಾ ನೀರಿನಲ್ಲಿ ಒರೆಸಿಡಿ. ಪ್ರಾಣಿಗಳು ಓಡಾಡುವ ಜಾಡಿನ ಮೇಲೆಯೇ ನಡೆಯಬೇಡಿ, ದಾಟಲೇಬೇಕಾದರೆ ಒಂದೇ ಕಡೆ ದಾಟಿ. ಕೊಂಬೆಗಳನ್ನು ಅಂಗೈಯಿಂದ ಸರಿಸುವ ಅಭ್ಯಾಸ ನಮಗೆಲ್ಲ ಇದೆ. ಅದು ಜಿಂಕೆಯ ಮೂಗಿನ ಎತ್ತರಕ್ಕೇ ಹೆಬ್ಬೆಟ್ಟು ಒತ್ತಿದಂತೆ. ಮೊಣಕೈಯಿಂದ ಸರಿಸಿ.

ಎಲ್ಲಕ್ಕಿಂತ ಮುಖ್ಯ, ಬೆವರಬೇಡಿ. ಮುಂಜಾವಿನ ಚಳಿಗೆಂದು ಸ್ವೆಟರ್ ತೊಟ್ಟು ದಿಬ್ಬ ಹತ್ತಿದರೆ ಅಂಟುವಾಳದ ಎರಡು ದಿನದ ತಪಸ್ಸು ಹತ್ತು ನಿಮಿಷದಲ್ಲಿ ನೀರುಪಾಲು. ನಡೆಯುವಾಗ ತೆಳು ಅಂಗಿ, ಕುಳಿತ ಮೇಲೆ ಸ್ವೆಟರ್. ಅರ್ಧ ತಾಸು ಮೊದಲೇ ಹೊರಟು ನಿಧಾನವಾಗಿ ನಡೆಯಿರಿ.

ಸೊಳ್ಳೆ ಮುಲಾಮಿನ ವಿಷಯದಲ್ಲಿ ನನ್ನ ನಿಲುವು ಬೇರೆ. ಘಟ್ಟದ ಕಾಡಿನಲ್ಲಿ ಉಣ್ಣೆಗಳು ಕಚ್ಚುತ್ತವೆ, ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ. ಅಲ್ಲಿಗೆ ಹೋಗುವಾಗ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣ್ಣೆ ನಿವಾರಕ ಎಣ್ಣೆಯನ್ನು ಹಚ್ಚಿಕೊಳ್ಳಿ. ಅದರ ವಾಸನೆ ಬರುತ್ತದೆ, ಬರಲಿ. ಗಾಳಿಯ ಲೆಕ್ಕ ಸರಿ ಇದ್ದರೆ ಅದೂ ನಿಮ್ಮ ಬೆನ್ನ ಹಿಂದೆಯೇ ಹೋಗುತ್ತದೆ.

ಕರಡಿಗೆ ಮಾತ್ರ ವಾಸನೆ ಕೊಡಿ

ಭೀಮಗಡದಲ್ಲಿ ಕರಡಿ, ಕಾಡುಕೋಣಗಳಿವೆ, ಹುಲಿಯೂ ಇದೆ. ಮನುಷ್ಯನ ವಾಸನೆ ಜಿಂಕೆಯನ್ನು ಓಡಿಸುವಂತೆ ಕರಡಿಯನ್ನೂ ದೂರ ಸರಿಸುತ್ತದೆ. ವಾಸನೆಯಿಲ್ಲದೆ, ಸದ್ದಿಲ್ಲದೆ, ಗಾಳಿಗೆ ಎದುರಾಗಿ ನಡೆಯುವವನು ತಿರುವಿನಲ್ಲಿ ಕರಡಿಯ ಮುಖಕ್ಕೇ ಹೋಗಿ ನಿಲ್ಲಬಹುದು. ಗಾಬರಿಯಾದ ಕರಡಿ ಓಡುವುದಕ್ಕಿಂತ ಮೊದಲು ಮೈಮೇಲೆ ಬೀಳುತ್ತದೆ. ವೀಕ್ಷಕರು ಜೊತೆಗಿರಲೇಬೇಕು ಎಂದದ್ದು ಇದಕ್ಕೆ. ನಡೆಯುವ ದಾರಿಯಲ್ಲಿ ಅವರು ಆಗಾಗ ಕೆಮ್ಮಿದರೆ, ಕೋಲಿನಿಂದ ಮರ ತಟ್ಟಿದರೆ ಸಿಡುಕಬೇಡಿ. ಮೌನವೆಲ್ಲ ಕುಳಿತ ಮೇಲೆ. ಕಾವಲು ಗೋಪುರದ ಮೇಲೆ ಕೂರಲು ಅವಕಾಶ ಸಿಕ್ಕರೆ ಇನ್ನೂ ಒಳ್ಳೆಯದು, ಎತ್ತರದಿಂದ ಹೊರಟ ವಾಸನೆ ಎಷ್ಟೋ ಸಲ ಹತ್ತಿರದ ಪ್ರಾಣಿಯ ತಲೆಯ ಮೇಲಿಂದಲೇ ದಾಟಿಹೋಗುತ್ತದೆ.

ಕುಳಿತ ಮೇಲೆ

ಹತ್ತು ನಿಮಿಷಕ್ಕೊಮ್ಮೆ ಒಂದು ಎಳೆ ಹತ್ತಿ ಬಿಡಿ. ಗಾಳಿ ತಿರುಗಿದರೆ ಆಸೆಗೆ ಬಿದ್ದು ಅಲ್ಲೇ ಕೂರಬೇಡಿ. ವಾಸನೆ ಹಿಡಿದ ಪ್ರಾಣಿ ಓಡುವುದಷ್ಟೇ ಅಲ್ಲ, ಆ ಜಾಗವನ್ನೇ ಕೆಲವು ದಿನ ತಪ್ಪಿಸುತ್ತದೆ. ಬೇಸಿಗೆಯಲ್ಲಿ ಆ ಜಾಗ ಸುತ್ತಲಿನ ಒಂದೇ ನೀರಿನ ಗುಂಡಿಯಾಗಿದ್ದರೆ, ನಿಮ್ಮ ಒಂದು ಚಿತ್ರಕ್ಕೆ ಅದು ಬಾಯಾರಬೇಕಾಗುತ್ತದೆ.

ಪ್ರಾಣಿಯನ್ನು ಓದುವುದನ್ನೂ ಕಲಿಯಬೇಕು. ತಲೆ ಮೇಲೆತ್ತಿ ಕಿವಿ ನಿಮ್ಮ ಕಡೆ ತಿರುಗಿಸಿದರೆ ಸದ್ದು ಕೇಳಿದೆ. ಕತ್ತು ಮುಂದೆ ಚಾಚಿ, ಮೂತಿ ಎತ್ತಿ ಇಳಿಸಿದರೆ ಗಾಳಿ ಹುಡುಕುತ್ತಿದೆ. ಮುಂಗಾಲಿನಿಂದ ನೆಲ ಬಡಿದರೆ ಸಂಶಯ ಗಟ್ಟಿಯಾಗಿದೆ, ಚುಕ್ಕೆ ಜಿಂಕೆಯಾದರೆ ಬಾಲ ನೆಟ್ಟಗೆ ನಿಂತು ಬಿಳುಪು ಕಾಣುತ್ತದೆ. ಚಿಂಕಾರ ಸೀನಿದ ಹಾಗೆ 'ಫುಸ್' ಎನ್ನುತ್ತದೆ. ಈ ಹಂತದಲ್ಲಿ ಕಣ್ಣು ಮಿಟುಕಿಸುವುದೂ ಹೆಚ್ಚು. ಸಂಶಯಪಟ್ಟ ಪ್ರಾಣಿ ಸುತ್ತು ಹಾಕಿ ನಿಮ್ಮ ಹಿಂಭಾಗದ ಗಾಳಿಗೆ ಬರಲು ನೋಡುತ್ತದೆ. ಆದ್ದರಿಂದ ಬೆನ್ನ ಹಿಂದೆ ದೊಡ್ಡ ಬಂಡೆಯೋ, ಕಡಿದಾದ ದಂಡೆಯೋ, ಪ್ರಾಣಿ ಸುಲಭವಾಗಿ ಬರಲಾಗದ ಜಾಗವೋ ಇರುವಂತೆ ಮೊದಲೇ ಆರಿಸಿ.

ಮೂತ್ರಕ್ಕೆ ಹೋಗುವುದು, ತಿನ್ನುವುದು ಎಲ್ಲ ಕೂರುವ ಮೊದಲೇ ಮುಗಿಯಲಿ. ಲೆನ್ಸ್ ಒರೆಸುವ ದ್ರವ, ಕೈಗೆ ಹಚ್ಚುವ ಸ್ಯಾನಿಟೈಸರ್ ಎರಡೂ ಕಟುವಾದವು. ಬರಿಯ ಒಣ ಬಟ್ಟೆ ಬಳಸಿ.

ಹೊರಡುವಾಗ ಪ್ರಾಣಿ ಎದುರಿಗಿದ್ದರೆ ಏಳಬೇಡಿ, ಅದು ಮೇಯುತ್ತ ಮರೆಯಾಗುವವರೆಗೆ ಕಾಯಿರಿ. ಬಂದ ದಾರಿಯಲ್ಲೇ ಹಿಂತಿರುಗಿ. ಮೊಸರನ್ನದ ಡಬ್ಬಿಯನ್ನು ಹಳ್ಳದಲ್ಲಿ ತೊಳೆಯಬೇಡಿ.

ಒಂದು ಸಣ್ಣ ವಹಿ ಇಟ್ಟುಕೊಳ್ಳಿ. ತಾರೀಖು, ಹೊತ್ತು, ಗಾಳಿಯ ದಿಕ್ಕು, ಕುಳಿತ ಜಾಗ, ಕಂಡದ್ದು. ಎರಡು ವರ್ಷದ ವಹಿ ಇದ್ದರೆ ಯಾವ ತಿಂಗಳು, ಯಾವ ಬದುವಿನ ಹಿಂದೆ ಕೂರಬೇಕು ಎಂದು ಅದೇ ಹೇಳುತ್ತದೆ. ನನ್ನ ವಹಿಯ ಒಂದು ಪುಟದಲ್ಲಿ ಹೀಗಿದೆ: 'ಜನವರಿ, ಬೆಳಿಗ್ಗೆ 7.10. ಮೂಡಣ ಗಾಳಿ, ಎಡಗೆನ್ನೆಗೆ. ಅಜ್ಜನ ಬದು. ಚಿಂಕಾರ ಮೂರು, ಜೊತೆಗೆ ಒಂದು ಮರಿ. ನಲವತ್ತು ಹೆಜ್ಜೆ. ಹಿಂದಿನ ರಾತ್ರಿ ಬೆಳ್ಳುಳ್ಳಿ ಚಟ್ನಿ ತಿಂದಿದ್ದೆ.'